ಹೊಳೆ ಇಳಿದಾಗ ಕಲ್ಲಿನಡಿ ಏನಾಗುತ್ತದೆ?

ಮಹಾಶಿವರಾತ್ರಿಯ ಹೊತ್ತಿಗೆ ಶಿರಸಿ ಸಮೀಪದ ಸಹಸ್ರಲಿಂಗದಲ್ಲಿ ಶಾಲ್ಮಲೆ ಸಾಕಷ್ಟು ಇಳಿದಿರುತ್ತಾಳೆ. ಮಳೆಗಾಲದಲ್ಲಿ ಕೆಂಪು ನೀರಿನಡಿ ಮುಳುಗಿದ್ದ ಲಿಂಗಗಳು, ನಂದಿಗಳು ಒಂದೊಂದಾಗಿ ತಲೆಯೆತ್ತಿ ಬಿಸಿಲಿಗೆ ಮೈಯೊಡ್ಡುತ್ತವೆ. ಭಕ್ತರು ಕಲ್ಲಿನಿಂದ ಕಲ್ಲಿಗೆ ದಾಟುತ್ತ ಹೂವು, ಬಿಲ್ವಪತ್ರೆ ಏರಿಸುತ್ತಾರೆ. ನೀರು ಇಳಿದದ್ದರಿಂದಲೇ ನಮಗೆ ಆ ದರ್ಶನ. ಅದೇ ಹೊಳೆಯ ಸಾಮಾನ್ಯ ಕಲ್ಲುಗಳ ಕೆಳಮಗ್ಗುಲಲ್ಲಿ ಇನ್ನೊಂದು ಲೋಕವಿದೆ. ನೀರು ಒಂದು ಗೇಣು ಇಳಿದರೂ ಆ ಲೋಕದಲ್ಲಿ ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ವರ್ಷದ ಆಗಸ್ಟ್, 1901ರಿಂದ ಇಟ್ಟುಕೊಂಡು ಬಂದ ದಾಖಲೆಯಲ್ಲಿ ದೇಶದ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ಬಾವಿ, ಟ್ಯಾಂಕರ್, ಅಡಿಕೆ ತೋಟ, ವಿದ್ಯುತ್ತು ಎಲ್ಲದರ ಲೆಕ್ಕವೂ ಪತ್ರಿಕೆಗಳಲ್ಲಿ ಬಂತು. ಹೊಳೆಯೊಳಗೇ ಬದುಕುವವರ ಲೆಕ್ಕವನ್ನು ಕೇಳಿದವರು ಕಡಿಮೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ಹೊಳೆಗಳಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಉತ್ತರ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಹೊಳೆ ಬಡವಾಗುತ್ತಿದೆ ಎಂಬ ಸುದ್ದಿ ಮೀನಿಗಿಂತ ಮೊದಲು, ಮನುಷ್ಯರಿಗಿಂತ ಎಷ್ಟೋ ಮೊದಲು ತಲುಪುವುದು ಕಲ್ಲಿನಡಿಯ ಈ ಸಣ್ಣ ಜೀವಿಗಳಿಗೆ.

ಕಲ್ಲಿನಡಿಯ ಸಂಸಾರ

ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಪಠ್ಯಪುಸ್ತಕಗಳು ಅಕಶೇರುಕಗಳು ಎನ್ನುತ್ತವೆ. ಹೊಳೆಯಲ್ಲಿ ಇವು ಯಾರೆಂದರೆ ಏಡಿ, ಸೀಗಡಿ, ಬಸವನಹುಳು, ಚಿಪ್ಪಿನ ಜೀವಿಗಳು, ಜಿಗಣೆ, ಎರೆಹುಳುವಿನ ಸಂಬಂಧಿಗಳು. ಎಲ್ಲಕ್ಕಿಂತ ಹೆಚ್ಚಾಗಿ ಕೀಟಗಳ ಮರಿಗಳು. ಗಾಳಿಯಲ್ಲಿ ಹಾರುವ ಎಷ್ಟೋ ಕೀಟಗಳು ಬಾಲ್ಯವನ್ನೆಲ್ಲ ನೀರಿನಲ್ಲಿ ಕಳೆಯುತ್ತವೆ. ನಾವು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟ ನೀರಿನಿಂದ ಹೊರಬಂದು ರೆಕ್ಕೆ ಬಿಚ್ಚುವ ಮೊದಲು ತಿಂಗಳುಗಟ್ಟಲೆ ಹೊಳೆಯ ತಳದಲ್ಲಿ ಬೇಟೆಯಾಡಿಕೊಂಡಿರುತ್ತದೆ.

ಡಿಸೆಂಬರಿನ ಒಂದು ಬೆಳಿಗ್ಗೆ ತೋಟದ ಕೆಳಗಿನ ಹಳ್ಳದಲ್ಲಿ ಎರಡು ಅಂಗೈ ಅಗಲದ ಕಲ್ಲೊಂದನ್ನು ಎತ್ತಿ ತಿರುಗಿಸಿದೆ. ನೀರು ತೊಟ್ಟಿಕ್ಕುವ ಆ ಕೆಳಮೈಯಲ್ಲಿ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಲ್ಲೇ ಹರಿದಾಡತೊಡಗಿತು. ಅಕ್ಕಿಕಾಳಿನಷ್ಟು ಉದ್ದದ, ಚಪ್ಪಟೆ ತಲೆಯ, ಹಿಂದೆ ಎಳೆಗಳಂಥ ಬಾಲವಿರುವ ಹುಳುಗಳು ಬೆಳಕು ಬಿದ್ದೊಡನೆ ಅಂಚಿನತ್ತ ಸರಿದವು. ಅವು ಮೇಫ್ಲೈ ಎಂಬ ಕೀಟದ ಮರಿಗಳು. ಹೊಟ್ಟೆಯ ಎರಡೂ ಬದಿಯಲ್ಲಿ ಎಲೆಯಾಕಾರದ ಪುಟ್ಟ ಕಿವಿರುಗಳ ಸಾಲು ಒಂದೇ ಸಮನೆ ಕಂಪಿಸುತ್ತಿತ್ತು. ಪಕ್ಕದಲ್ಲಿ ಮರಳಿನ ಕಾಳುಗಳನ್ನು ರೇಷ್ಮೆಯಂಥ ಎಳೆಯಿಂದ ಅಂಟಿಸಿ ಕಟ್ಟಿದ, ಬೆಂಕಿಕಡ್ಡಿಯ ತುಂಡಿನಷ್ಟಿರುವ ಒಂದು ಕೊಳವೆ. ಅದರ ಬಾಯಿಂದ ಕಂದು ತಲೆಯೊಂದು ಇಣುಕಿ ಒಳಸೇರಿತು. ಅದು ಕ್ಯಾಡಿಸ್‌ಫ್ಲೈ ಮರಿ. ಇನ್ನೊಂದು ಮೂಲೆಯಲ್ಲಿ ತಾಮ್ರದ ಕಾಸನ್ನು ಕಲ್ಲಿಗೆ ಒತ್ತಿ ಅಂಟಿಸಿದಂತೆ ದುಂಡಗೆ, ಚಪ್ಪಟೆಯಾಗಿ ಕೂತಿದ್ದುದು ಒಂದು ಜಾತಿಯ ಜೀರುಂಡೆಯ ಮರಿ. ಉಗುರಿನಿಂದ ಎಬ್ಬಿಸಲು ಹೋದರೂ ಜಗ್ಗದು. ರಭಸದ ನೀರು ಮೇಲಿನಿಂದ ಜಾರಿ ಹೋಗಲೆಂದೇ ಅದರ ಮೈ ಹಾಗಿದೆ.

ಇವುಗಳ ಕೆಲಸ ಹೊಳೆಯ ಅಡುಗೆಮನೆಯ ಕೆಲಸ. ದಡದ ಮರಗಳಿಂದ ಉದುರಿದ ಎಲೆಯನ್ನು ಶಿಲೀಂಧ್ರಗಳು ಮೆತ್ತಗೆ ಮಾಡಿದ ಮೇಲೆ ಏಡಿಗಳು, ಕೆಲವು ಕೀಟಗಳ ಮರಿಗಳು ಅದನ್ನು ಕತ್ತರಿಸಿ ತಿನ್ನುತ್ತವೆ. ಅವು ಉಳಿಸಿದ ಚೂರು, ಹಾಕಿದ ಹಿಕ್ಕೆ ನೀರಿನಲ್ಲಿ ತೇಲಿ ಹೋಗುವಾಗ ಕೆಳಗಿನವರು ಸೋಸಿ ತಿನ್ನುತ್ತಾರೆ. ಕಲ್ಲಿನ ಮೇಲಿನ ಹಸಿರು ಪಾಚಿಯನ್ನು ಕೆರೆದು ತಿನ್ನುವವರು ಬೇರೆ, ಇವರೆಲ್ಲರನ್ನೂ ಹಿಡಿದು ತಿನ್ನುವವರು ಬೇರೆ. ಕೊನೆಗೆ ಮೀನು, ಕಪ್ಪೆ, ಹೊಳೆಯ ಮೇಲೆ ಹಾರುವ ಹಕ್ಕಿ, ಸಂಜೆಯ ಬಾವಲಿ ಈ ಊಟದ ಪಂಕ್ತಿಗೆ ಬಂದು ಕೂರುತ್ತವೆ. ಕಾಡಿನ ಎಲೆಯನ್ನು ಮೀನಿನ ಮಾಂಸವಾಗಿಸುವ ನಡುವಿನ ಕೈಗಳು ಇವೇ.

ಬೇಸಿಗೆಯೇ ಬೇರೆ, ಬರವೇ ಬೇರೆ

ಪ್ರತಿ ವರ್ಷವೂ ನಮ್ಮ ಹೊಳೆಗಳು ಇಳಿಯುತ್ತವೆ. ಕಾರವಾರದ ಕರಾವಳಿಯಲ್ಲಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದುಹೋಗುತ್ತದೆ. ಉಳಿದ ಎಂಟು ತಿಂಗಳು ಹೊಳೆಯಲ್ಲಿ ಹರಿಯುವುದು ಬಹುಮಟ್ಟಿಗೆ ಮಣ್ಣು ಹೀರಿಟ್ಟುಕೊಂಡ ನೀರು. ಗುಡ್ಡದ ಒಡಲಿನಿಂದ ಒರತೆಯಾಗಿ, ಜಲವಾಗಿ ನಿಧಾನಕ್ಕೆ ಜಿನುಗುವ ಈ ನೀರನ್ನು ಜಲಶಾಸ್ತ್ರದಲ್ಲಿ ಮೂಲಹರಿವು ಎನ್ನಬಹುದು. ಮಳೆಗಾಲದ ದುಡಿಮೆಯಲ್ಲಿ ಕಣಜಕ್ಕೆ ತುಂಬಿದ ಭತ್ತವನ್ನು ವರ್ಷವಿಡೀ ಅಳೆದು ತೆಗೆದಂತೆ ಅದು.

ಈ ಏರಿಳಿತಕ್ಕೆ ಹೊಳೆಯ ಜೀವಿಗಳು ಲಕ್ಷಾಂತರ ವರ್ಷಗಳಿಂದ ಒಗ್ಗಿಕೊಂಡಿವೆ. ನಿಜ ಹೇಳಬೇಕೆಂದರೆ ಜುಲೈಯ ಪ್ರವಾಹ ಅವುಗಳಿಗೆ ಬೇಸಿಗೆಯಷ್ಟೇ ಕಷ್ಟದ ಕಾಲ. ಕಲ್ಲುಗಳೇ ಉರುಳುವ ಆ ರಭಸದಲ್ಲಿ ಬಹಳಷ್ಟು ಕೊಚ್ಚಿಹೋಗುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ, ದೀಪಾವಳಿಯಿಂದ ಶಿವರಾತ್ರಿಯವರೆಗೆ, ಕಲ್ಲಿನಡಿಯ ಸಂಸಾರ ತುಂಬಿ ತುಳುಕುತ್ತದೆ. ಆಮೇಲಿನದು ತಾಳಿಕೊಳ್ಳುವ ಕಾಲ.

ಹಾಗಾದರೆ ಬರ ಯಾವುದು? ನೀರು ಇಳಿಯುವುದು ವಾಡಿಕೆಗಿಂತ ಬೇಗ ಶುರುವಾದರೆ, ವಾಡಿಕೆಗಿಂತ ಕೆಳಗೆ ಹೋದರೆ, ವಾಡಿಕೆಗಿಂತ ಹೆಚ್ಚು ದಿನ ಹಾಗೇ ಉಳಿದರೆ ಅದು ಹೊಳೆಯ ಪಾಲಿಗೆ ಬರ. ಏಪ್ರಿಲ್ ಕೊನೆಯಲ್ಲಿ ತುಂಡಾಗುವ ಹಳ್ಳ ಜನವರಿಯಲ್ಲೇ ತುಂಡಾದರೆ, ಇನ್ನೂ ರೆಕ್ಕೆ ಮೂಡದ ಮರಿಗಳು ಹಾರಲೂ ಆಗದೆ ಈಜಲೂ ನೀರಿಲ್ಲದೆ ಸಿಕ್ಕಿಬೀಳುತ್ತವೆ. ಈ ಮೂರು ತಿಂಗಳ ಅಂತರ ನಮಗೆ ಪಂಪಿನ ಕರೆಂಟು ಬಿಲ್ಲಿನ ವಿಷಯವಾದರೆ ಅವಕ್ಕೆ ಒಂದು ಇಡೀ ತಲೆಮಾರಿನ ವಿಷಯ.

ಪ್ರವಾಹ ಮತ್ತು ಬರದ ಸ್ವಭಾವದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಪ್ರವಾಹ ಬಾಗಿಲು ಒದ್ದು ಬರುತ್ತದೆ, ಹೊಡೆದು ಹೋಗುತ್ತದೆ. ಬರ ಇಳಿಜಾರಿನಲ್ಲಿ ಇಳಿದಂತೆ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತದೆ. ಆಸ್ಟ್ರೇಲಿಯಾದ ಪರಿಸರ ವಿಜ್ಞಾನಿ ಪಿ. ಎಸ್. ಲೇಕ್ 2000ರಲ್ಲಿ ಈ ಎರಡನ್ನೂ ಬೇರ್ಪಡಿಸಿ, ಪ್ರವಾಹವನ್ನು ನಾಡಿಬಡಿತದಂಥ ಆಘಾತವೆಂದೂ ಬರವನ್ನು ಇಳಿಜಾರಿನಂಥ ಆಘಾತವೆಂದೂ ವಿವರಿಸಿದರು. ನೀರು ಇಳಿಯುವುದು ಇಳಿಜಾರಿನಂತೆ. ಜೀವಿಗಳು ಕಾಣೆಯಾಗುವುದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ.

ನೀರು ಇಳಿಯುವ ಮೆಟ್ಟಿಲುಗಳು

ಹೊಳೆಯನ್ನು ಒಂದು ಮನೆಯೆಂದುಕೊಂಡರೆ ಅದರ ಜಗುಲಿ ದಡದ ಅಂಚು. ನೀರಿಗೆ ಇಳಿಬಿದ್ದ ಮರದ ಬೇರು, ಬಾಗಿದ ಹುಲ್ಲು, ಕೇದಗೆಯ ಬುಡ, ಕೊಳೆಯುತ್ತಿರುವ ಕೊಂಬೆ ಎಲ್ಲವೂ ಅಲ್ಲೇ. ಸೀಗಡಿಯ ಮರಿಗಳು, ಏರೋಪ್ಲೇನ್ ಚಿಟ್ಟೆಯ ಕೆಲವು ಜಾತಿಗಳ ಮರಿಗಳು, ನೀರು ತಿಗಣೆಗಳು ಆ ಬೇರುಗಳ ಜಡೆಯಲ್ಲಿ ಅಡಗಿ ಬಾಳುತ್ತವೆ. ನೀರು ಇಳಿಯತೊಡಗಿದಾಗ ಮೊದಲು ಒಣಗುವುದು ಈ ಜಗುಲಿ. ಹೊಳೆಯ ನಡುವೆ ಮೊಣಕಾಲುದ್ದ ನೀರು ಇನ್ನೂ ಇರುತ್ತದೆ, ದಾಟುವವರಿಗೆ ಹೊಳೆ ಹಾಗೇ ಕಾಣುತ್ತದೆ. ಆದರೆ ದಡದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿವೆ ಎಂದರೆ ಒಂದು ಓಣಿಯೇ ಖಾಲಿಯಾಯಿತು ಎಂದರ್ಥ. ಅಂಗುಲದ ವ್ಯತ್ಯಾಸ, ಆದರೆ ನಷ್ಟ ಒಂದೇ ಏಟಿಗೆ.

ಎರಡನೆಯ ಮೆಟ್ಟಿಲು ಕಲ್ಲುಹರಿವು. ತೆಳುವಾದ ನೀರು ಕಲ್ಲುಗಳ ಮೇಲೆ ಜುಳುಜುಳು ಸದ್ದು ಮಾಡುತ್ತ, ಬಿಳಿನೊರೆ ಎಬ್ಬಿಸುತ್ತ ಹರಿಯುವ ಜಾಗವನ್ನು ಈ ಲೇಖನದ ಮಟ್ಟಿಗೆ ಹಾಗೆ ಕರೆಯೋಣ. ಹೊಳೆಯ ಅತಿ ಹೆಚ್ಚು ಬಗೆಯ ಕೀಟಮರಿಗಳು ಸಿಗುವುದು ಇಲ್ಲಿಯೇ. ಕ್ಯಾಡಿಸ್‌ಫ್ಲೈಗಳಲ್ಲಿ ಒಂದು ಗುಂಪು ಮರಳಿನ ಕೊಳವೆ ಕಟ್ಟುವುದಿಲ್ಲ, ಎರಡು ಕಲ್ಲುಗಳ ಸಂದಿಯಲ್ಲಿ ಹರಿವಿಗೆ ಎದುರಾಗಿ ಬಲೆ ನೇಯುತ್ತದೆ. ಇಳಿತದ ಹೊತ್ತಿಗೆ ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರು ಗದ್ದೆಯ, ಬಾಗಿಲಿಗೆ ಬಲೆ ಕಟ್ಟಿ, ಹೊರಹರಿಯುವ ನೀರೇ ಮೀನು, ಸೀಗಡಿಯನ್ನು ತಂದುಹಾಕಲಿ ಎಂದು ಕುಮಟಾದ ಕಡೆ ಕಾಯುತ್ತಾರಲ್ಲ, ಅದೇ ಉಪಾಯ. ಹರಿವು ನಿಂತರೆ ಬಲೆ ಸೊಟ್ಟಗೆ ಜೋತುಬೀಳುತ್ತದೆ. ನೀರಿದ್ದರೂ ಊಟವಿಲ್ಲ. ಕಲ್ಲಿಗೆ ಕೊಕ್ಕೆಗಳಿಂದ ಅಂಟಿಕೊಂಡು, ತಲೆಯ ಮೇಲಿನ ಎರಡು ಬೀಸಣಿಗೆಗಳಿಂದ ಹರಿವಿನ ಕಸವನ್ನು ಸೋಸಿ ತಿನ್ನುವ ಕಪ್ಪು ನೊಣದ ಮರಿಯದೂ ಇದೇ ಪಾಡು. ಬರದ ಬಗ್ಗೆ ಜನ ಸುಲಭವಾಗಿ ಮರೆಯುವ ಸಂಗತಿ ಇದು. ಹೊಳೆಯ ಜೀವಿಗಳಿಗೆ ನೀರು ಬೇಕು ಎಂದರೆ ಸಾಲದು, ಹರಿಯುವ ನೀರು ಬೇಕು.

ಕಲ್ಲುಹರಿವು ಒಣಗಿತೆಂದರೆ ಹೊಳೆ ತುಂಡಾಯಿತು. ಮೂರನೆಯ ಹಂತದಲ್ಲಿ ಉಳಿಯುವುದು ಬಿಡಿಬಿಡಿ ಗುಂಡಿಗಳು, ಮಡುಗಳು. ಸುತ್ತಲಿನವರೆಲ್ಲ ಅಲ್ಲಿಗೇ ಬಂದು ಸೇರುವುದರಿಂದ ಮೊದಮೊದಲು ಆ ಗುಂಡಿಯಲ್ಲಿ ಜೀವಿಗಳು ಹೆಚ್ಚಾದಂತೆಯೇ ತೋರುತ್ತದೆ. ನೋಡಿದವರು ಹೊಳೆ ಚೆನ್ನಾಗಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಜಾತ್ರೆಯ ದಿನ ಒಂದೇ ಬಸ್ಸಿಗೆ ಮೂರು ಬಸ್ಸಿನ ಜನ ಹತ್ತಿದಂತೆ ಅದು. ಅಷ್ಟೂ ಬಾಯಿಗಳಿಗೆ ಪಾಚಿ ಸಾಲದು. ಬೇಟೆಗಾರರಿಗೆ ಮಾತ್ರ ಸುಗ್ಗಿ. ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರು ತಿಗಣೆಗಳು, ಸಿಕ್ಕಿಬಿದ್ದ ಮೀನುಗಳು ಸಣ್ಣವರನ್ನೆಲ್ಲ ಹೆಕ್ಕಿ ಮುಗಿಸುತ್ತವೆ. ದಡದ ಎಲೆಗಳು ಅದೇ ನೀರಿಗೆ ಉದುರಿ ಕಷಾಯದಂತೆ ಕಪ್ಪಾಗುತ್ತದೆ. ಹರಿವು ಎತ್ತಿಕೊಂಡು ಹೋಗುತ್ತಿದ್ದ ನುಣುಪು ಮಣ್ಣು ತಳದಲ್ಲಿ ಕೂತು ಕಲ್ಲುಗಳ ಸಂದಿಗಳನ್ನು ಮೆತ್ತಿಬಿಡುತ್ತದೆ. ಮನೆ ಇದ್ದರೂ ಒಳಹೋಗಲು ದಾರಿಯಿಲ್ಲ.

ಕೊನೆಗೆ ಗುಂಡಿಯೂ ಬತ್ತುತ್ತದೆ. ಆಗಲೂ ಹೊಳೆ ಪೂರ್ತಿ ಸತ್ತಿರುವುದಿಲ್ಲ. ಮರಳು, ಜಲ್ಲಿಯ ಕೆಳಗೆ ಒಂದೆರಡು ಅಡಿ ಆಳದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಹೊಳೆ ಮೆಲ್ಲಗೆ ಸಾಗುತ್ತಿರುತ್ತದೆ. ಬೇಸಿಗೆಯಲ್ಲಿ ಹೊಳೆಯ ಮರಳನ್ನು ಕೈಯಿಂದ ತೋಡಿ ವರತೆ ಮಾಡಿ ಕುಡಿಯುವ ನೀರು ತುಂಬಿಕೊಂಡವರಿಗೆ ಇದು ಗೊತ್ತಿರುವ ಸಂಗತಿ. ಆ ಕಾಣದ ಹೊಳೆಯೂ ಇಳಿದರೆ ಅದೇ ಕೊನೆಯ ಮೆಟ್ಟಿಲು.

ಉಸಿರಿನ ಲೆಕ್ಕ

ನೀರಿನಲ್ಲಿ ಬದುಕುವವರೂ ಉಸಿರಾಡಬೇಕು. ನೀರಿನಲ್ಲಿ ಕರಗಿರುವ ಆಮ್ಲಜನಕ ಬಹಳ ಕಡಿಮೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳುವುದು ಸುಮಾರು 9 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಅದರ ಕೈ ಇನ್ನೂ ಬಿಗಿಯಾಗುತ್ತದೆ. 30 ಡಿಗ್ರಿಗೆ ಅದು 7.6 ಮಿಲಿಗ್ರಾಂಗೆ ಇಳಿಯುತ್ತದೆ. ಇತ್ತ ಹುಳುವಿನ ಮೈ ತದ್ವಿರುದ್ಧ. ಶೀತರಕ್ತದ ಜೀವಿಗಳಲ್ಲಿ ಉಷ್ಣತೆ ಹತ್ತು ಡಿಗ್ರಿ ಏರಿದರೆ ದೇಹದ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಂಬಳ ಇಳಿದ ತಿಂಗಳಲ್ಲೇ ಖರ್ಚು ಎರಡು ಪಟ್ಟಾದಂತೆ.

ಹರಿವು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಜುಳುಜುಳು ನೀರು ಗಾಳಿಯನ್ನು ಕಲಸಿಕೊಳ್ಳುತ್ತದೆ. ಅಷ್ಟೇ ಮುಖ್ಯವಾಗಿ, ಹುಳುವಿನ ಮೈಗೆ ಅಂಟಿಕೊಂಡ ತೆಳುನೀರಿನ ಪದರವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಬೀಸಣಿಗೆ ಬೀಸುವಾಗ ಏನಾಗುತ್ತದೋ ಅದೇ. ಗಾಳಿ ಹೊಸದಲ್ಲ, ಮೈಸುತ್ತಲಿನ ಹಳೆಯ ಗಾಳಿಯನ್ನು ಸರಿಸಿದ್ದಷ್ಟೇ. ಹರಿವು ನಿಂತಾಗ ಮೇಫ್ಲೈ ಮರಿ ತನ್ನ ಬೀಸಣಿಗೆಯನ್ನು ತಾನೇ ಬೀಸಿಕೊಳ್ಳುತ್ತದೆ, ಕಿವಿರುಗಳ ಕಂಪನ ಜೋರಾಗುತ್ತದೆ. ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ ಗರಡಿಯಲ್ಲಿ ದಂಡ ಹೊಡೆಯುವವರಂತೆ ಕಾಲುಗಳ ಮೇಲೆ ಮೈಯನ್ನು ಮೇಲೆ ಕೆಳಗೆ ಎತ್ತಿಳಿಸುತ್ತದೆ. ತಟ್ಟೆಯೊಂದರಲ್ಲಿ ಹೊಳೆಯ ನೀರಿನೊಂದಿಗೆ ಅದನ್ನು ಬಿಟ್ಟು ಸ್ವಲ್ಪ ಹೊತ್ತು ನೋಡಿದರೆ ಈ ದಂಡ ಹೊಡೆಯುವಿಕೆ ಕಣ್ಣಿಗೆ ಕಾಣುತ್ತದೆ. ಅದು ಉಸಿರು ಕಟ್ಟುತ್ತಿರುವ ಜೀವಿಯ ಒದ್ದಾಟ. ಒಮ್ಮೆ ಕಂಡವರು ತಟ್ಟೆಯನ್ನು ಬೇಗ ಹೊಳೆಗೆ ಬಗ್ಗಿಸುತ್ತಾರೆ.

ನಿಂತ ಗುಂಡಿಯಲ್ಲಿ ಹಗಲು ರಾತ್ರಿಯ ವ್ಯತ್ಯಾಸವೂ ದೊಡ್ಡದು. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಕೊಳೆಯುವ ಎಲೆ, ಹುಳು, ಮೀನು ಎಲ್ಲವೂ ಅದನ್ನು ಬಳಸುವವರೇ. ಹಾಗಾಗಿ ಬೆಳಗಿನ ಜಾವ ಅತ್ಯಂತ ಅಪಾಯದ ಹೊತ್ತು.

ಹೋಗುವವರು, ಉಳಿಯುವವರು

ಎಲ್ಲರೂ ಒಟ್ಟಿಗೆ ಸಾಯುವುದಿಲ್ಲ. ಬರ ಒಂದು ಜರಡಿಯಂತೆ ಕೆಲಸ ಮಾಡುತ್ತದೆ. ಸ್ಟೋನ್‌ಫ್ಲೈ, ಬಹುಪಾಲು ಮೇಫ್ಲೈ ಮತ್ತು ಕ್ಯಾಡಿಸ್‌ಫ್ಲೈಗಳು, ತಾಮ್ರದ ಕಾಸಿನಂಥ ಆ ಜೀರುಂಡೆಮರಿ ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರು ಕೇಳುವವು. ಅವು ಮೊದಲು ಹೋಗುತ್ತವೆ. ಅವುಗಳ ಜಾಗಕ್ಕೆ ನಿಂತ ನೀರಿನವರು ಬರುತ್ತಾರೆ. ಕೆಂಪು ದಾರದ ತುಂಡಿನಂಥ ಹುಳುವೊಂದು ಕೆಸರಿನಲ್ಲಿ ಕೊಂಕುತ್ತ ಕಾಣಿಸಿಕೊಳ್ಳುತ್ತದೆ. ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇದೆ, ಕೆಂಪು ಬಂದದ್ದೇ ಅದರಿಂದ. ಸಿಕ್ಕಷ್ಟು ಆಮ್ಲಜನಕವನ್ನು ಅದು ಹಿಡಿದಿಟ್ಟುಕೊಳ್ಳಬಲ್ಲದು. ಬಾಲದ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯನ್ನೇ ಉಸಿರಾಡುವ ಸೊಳ್ಳೆಮರಿಗಳಿಗೂ ನಿಂತ ಗುಂಡಿ ಹೇಳಿ ಮಾಡಿಸಿದ ಜಾಗ.

ಇದನ್ನೇ ಅಳತೆಗೋಲಾಗಿ ಬಳಸಬಹುದು. ಇಂಗ್ಲೆಂಡಿನಲ್ಲಿ 1999ರಲ್ಲಿ ಪ್ರಕಟವಾದ ಲೈಫ್ ಎಂಬ ಸೂಚ್ಯಂಕ ಹೊಳೆಯ ಅಕಶೇರುಕಗಳನ್ನು ಆರು ಗುಂಪು ಮಾಡುತ್ತದೆ. ಒಂದು ತುದಿಯಲ್ಲಿ ರಭಸದ ನೀರು ಬೇಡುವವರು, ಇನ್ನೊಂದು ತುದಿಯಲ್ಲಿ ಬತ್ತುವ ನೀರಿನಲ್ಲೂ ಬಾಳುವವರು. ಯಾವ ಗುಂಪಿನವರು ಎಷ್ಟು ಸಿಕ್ಕರು ಎಂಬುದರ ಮೇಲೆ, ಕಳೆದ ತಿಂಗಳುಗಳಲ್ಲಿ ಆ ಹೊಳೆಯ ಹರಿವು ಹೇಗಿತ್ತೆಂದು ಓದಬಹುದು. ಮಾಪಕವಿಲ್ಲದ ಹಳ್ಳದಲ್ಲಿ ಹುಳುಗಳೇ ಮಾಪಕ. ಆ ಪಟ್ಟಿಯನ್ನು ನಮ್ಮ ಹಳ್ಳಕ್ಕೆ ಹಾಗೇ ತಂದು ಅನ್ವಯಿಸಲಾಗದು, ಇಲ್ಲಿನ ಜಾತಿಗಳೂ ಮಳೆಯ ಲಯವೂ ಬೇರೆ. ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದೇ ಬಗೆಯ ಜೀವಿಗಳಿಂದ ನೀರಿನ ಗುಣಮಟ್ಟ ಅಳೆಯುವ ಕ್ರಮವೊಂದನ್ನು ರೂಪಿಸಿದೆ. ಅದರಲ್ಲಿ ಮಾಲಿನ್ಯ ತಾಳಲಾರದ ಕುಟುಂಬಗಳಿಗೆ ಹೆಚ್ಚು ಅಂಕ, ಎಲ್ಲವನ್ನೂ ಸಹಿಸುವವಕ್ಕೆ ಕಡಿಮೆ ಅಂಕ.

ಅಡಗಿ ಕೂತವರು

‘ಮಳೆ ಬಂದರೆ ನೀರು ಬರುತ್ತದೆ, ನೀರು ಬಂದರೆ ಹುಳುವೂ ಬರುತ್ತದೆ, ಅದಕ್ಕೇಕೆ ಇಷ್ಟು ಚಿಂತೆ?’ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಸರಿಯಾದದ್ದೇ. ಬಹಳಷ್ಟು ಸಲ ಹಾಗೇ ಆಗುತ್ತದೆ. ಆದರೆ ಹುಳು ಮಳೆಯ ಜೊತೆ ಆಕಾಶದಿಂದ ಬೀಳುವುದಿಲ್ಲ. ಎಲ್ಲೋ ಉಳಿದವರಿಂದಲೇ ಮತ್ತೆ ಸಂತತಿ ಬೆಳೆಯಬೇಕು.

ಉಳಿಯುವ ದಾರಿಗಳು ಹಲವು. ಏಡಿ ದಡದ ಬಿಲದಲ್ಲಿ ತೇವ ಇರುವವರೆಗೆ ಇಳಿದು ಕೂರುತ್ತದೆ. ಸಿಹಿನೀರಿನ ಏಡಿಯ ಮರಿಗಳು ನೀರಿನಲ್ಲಿ ತೇಲುವ ಅವಸ್ಥೆಯನ್ನೇ ದಾಟಬೇಕಿಲ್ಲ. ತಾಯಿಯ ಹೊಟ್ಟೆಯಡಿಯ ಮಡಿಕೆಯಲ್ಲೇ ಮೊಟ್ಟೆಯೊಡೆದು, ಪುಟ್ಟ ಏಡಿಗಳಾಗಿಯೇ ಹೊರಬರುತ್ತವೆ. ಗದ್ದೆ, ಕೆರೆಗಳ ದೊಡ್ಡ ಬಸವನಹುಳು ಕೆಸರಿನೊಳಗೆ ಹೂತುಕೊಂಡು, ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಎಳೆದು ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಕೆಲವು ಕೀಟಗಳ ಮೊಟ್ಟೆಗಳು ಒಣಗಿದರೂ ಕೆಡುವುದಿಲ್ಲ. ಸಣ್ಣ ಮರಿಗಳು ಜಲ್ಲಿಯ ಸಂದಿಯಲ್ಲಿ ಕೆಳಗಿಳಿದು ಆ ಕಾಣದ ಹೊಳೆಯನ್ನು ಸೇರುತ್ತವೆ. ರೆಕ್ಕೆ ಬಂದವರು ಹಾರಿ ಬೇರೆ ಹಳ್ಳಕ್ಕೆ ಹೋಗಿ ಮೊಟ್ಟೆ ಇಡುತ್ತಾರೆ. ಬೆಚ್ಚಗಿನ ನಾಡುಗಳ ಅನೇಕ ಮೇಫ್ಲೈಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಕಾಣುವುದರಿಂದ ಅವು ಬೇಗ ಚೇತರಿಸಿಕೊಳ್ಳುತ್ತವೆ. ನಿಧಾನಕ್ಕೆ ಬೆಳೆಯುವ, ದೂರ ಹಾರಲಾರದ, ಒಂದೇ ಬಗೆಯ ನೆಲೆಯನ್ನು ನೆಚ್ಚಿದ ಜಾತಿಗಳಿಗೆ ಕಾಲ ಬೇಕು. ಬರದ ಮೇಲೆ ಬರ ಬಂದರೆ ಆ ಕಾಲವೇ ಸಿಗುವುದಿಲ್ಲ.

ಹೀಗಾಗಿ ಬೇಸಿಗೆಯ ಮಡು ಎಂಬುದು ರೈತ ಬಿತ್ತನೆಗೆಂದು ಎತ್ತಿಟ್ಟ ಬೀಜದ ಭತ್ತ. ಉಳಿದದ್ದನ್ನೆಲ್ಲ ಉಂಡರೂ ಅದಕ್ಕೆ ಕೈಹಾಕುವುದಿಲ್ಲ. ಏಪ್ರಿಲ್‌ನಲ್ಲಿ ಹೊಳೆಯ ಕೊನೆಯ ಮಡುವಿಗೆ ಪಂಪು ಇಳಿಸುವುದೂ, ಮೀನಿಗಾಗಿ ಬ್ಲೀಚಿಂಗ್ ಪೌಡರ್ ಸುರಿಯುವುದೂ ಬೀಜದ ಭತ್ತಕ್ಕೆ ಕೈಹಾಕಿದ ಹಾಗೆ. ಹಳ್ಳ ಹರಿಯುವಾಗ ಅದೇ ಪಂಪು ಮಾಡುವ ಹಾನಿಗೂ ಆ ದಿನಗಳಲ್ಲಿ ಅದು ಮಾಡುವ ಹಾನಿಗೂ ಹೋಲಿಕೆಯೇ ಇಲ್ಲ.

ಹಳ್ಳ ಬತ್ತುವುದು ಮಳೆ ಕಡಿಮೆಯಾಗಿಯೇ ಅಲ್ಲ

ಒಂದೇ ಮಳೆ ಬಿದ್ದ ಎರಡು ಕಣಿವೆಗಳಲ್ಲಿ ಒಂದರ ಹಳ್ಳ ಮೇವರೆಗೆ ಹರಿಯುತ್ತದೆ, ಇನ್ನೊಂದು ಜನವರಿಗೇ ನಿಲ್ಲುತ್ತದೆ. ಕಾರಣ ಮೇಲಿನ ಕಾಡಿನಲ್ಲಿದೆ. ಸಹಜ ಕಾಡು ಉಳಿದಿರುವ ಜಲಾನಯನದ ಹಳ್ಳಗಳು ವರ್ಷವಿಡೀ ಹರಿಯುವುದನ್ನೂ, ಕಾಡು ಕಳೆದುಕೊಂಡ ಅಥವಾ ಒಂದೇ ಜಾತಿಯ ನೆಡುತೋಪುಗಳಾದ ಕಡೆ ಹರಿವು ಬೇಗ ನಿಲ್ಲುವುದನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯ ಅಧ್ಯಯನಗಳಲ್ಲಿ ಗುರುತಿಸಿದೆ. ಬೇರುಗಳು ಸಡಿಲಿಸಿದ, ತರಗೆಲೆ ಹೊದ್ದ ಮಣ್ಣು ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಟ್ಟಿಯಾದ ಬೋಳುನೆಲದಲ್ಲಿ ಮಳೆ ಜಾರಿ ಸಮುದ್ರ ಸೇರುತ್ತದೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಇರುವ ರಾಮಪತ್ರೆ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳ ಜೌಗುಕಾಡುಗಳು, ಇದರ ಅತ್ಯುತ್ತಮ ಉದಾಹರಣೆ. ಜೌಗಿನ ಕಪ್ಪು ಕೆಸರಿನಿಂದ ಬಾಗಿದ ಮೊಣಕಾಲಿನಂಥ ಬೇರುಗಳು ಮೇಲೆದ್ದಿರುತ್ತವೆ, ಉಸಿರಾಟಕ್ಕಾಗಿ. ಸುಡುಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ತಣ್ಣನೆಯ ನೀರು ಜಿನುಗುತ್ತದೆ. ಇಂಥ ಜೌಗು, ಅದರ ನೆರಳು, ಅಲ್ಲಿಂದ ಹೊರಡುವ ಸಣ್ಣ ತೊರೆ ಬರದ ವರ್ಷದಲ್ಲಿ ಹರಿವನ್ನೇ ನೆಚ್ಚಿದ ಜೀವಿಗಳ ತವರುಮನೆ. ಪಶ್ಚಿಮಘಟ್ಟದಲ್ಲಿ ಮಾತ್ರ ಸಿಗುವ, ಇಂಥ ಜೌಗುಗಳನ್ನೇ ಹೆಚ್ಚು ನೆಚ್ಚಿದ ಮಿರಿಸ್ಟಿಕಾ ಬ್ಯಾಂಬೂಟೇಲ್ ಎಂಬ ತೆಳುಮೈಯ ಕೀಟದ ಹೆಸರಿನಲ್ಲೇ ರಾಮಪತ್ರೆಯ ಕುಲವಿದೆ.

ಅಣೆಕಟ್ಟಿನ ಕೆಳಗಿನ ಹೊಳೆಯ ಕಥೆ ಬೇರೆ. ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಜಲಾಶಯಗಳಿವೆ. ಅಂಥ ಕಡೆ ಹರಿವು ಮಳೆಯನ್ನು ಕೇಳುವುದಿಲ್ಲ, ವಿದ್ಯುತ್ತಿನ ಬೇಡಿಕೆಯನ್ನು ಕೇಳುತ್ತದೆ. ಯಂತ್ರಗಳು ತಿರುಗಿದಾಗ ನೀರು ಏರುತ್ತದೆ, ನಿಂತಾಗ ಇಳಿಯುತ್ತದೆ. ದಿನಕ್ಕೊಂದು ಪುಟ್ಟ ಪ್ರವಾಹ, ದಿನಕ್ಕೊಂದು ಪುಟ್ಟ ಬರ. ಅಂಚಿನ ಕಲ್ಲುಗಳಲ್ಲಿ ಸಂಸಾರ ಹೂಡಲು ಪುರುಸೊತ್ತೇ ಇರದು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸಮುದ್ರದವರೆಗೆ ತನ್ನ ಮನಸ್ಸಿನಂತೆ ಹರಿಯುವ ಅವಳನ್ನು ನೋಡಿದರೆ ಸಹಜ ಏರಿಳಿತ ಹೇಗಿರುತ್ತದೆ ಎಂಬುದು ತಿಳಿಯುತ್ತದೆ.

ಅಳಿವೆಯ ಉಪ್ಪು

ಬೆಟ್ಟದ ಹಳ್ಳದಲ್ಲಿ ಕಡಿಮೆಯಾದ ನೀರಿನ ಲೆಕ್ಕ ಅಳಿವೆಯಲ್ಲಿ ಉಪ್ಪಾಗಿ ಬರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಉಪ್ಪುನೀರು ಭಾರ, ಆದ್ದರಿಂದ ಉಬ್ಬರದಲ್ಲಿ ಅದು ಹೊಳೆಯ ತಳದಲ್ಲಿ ಬೆಣೆಯಂತೆ ಒಳನುಗ್ಗುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರು. ಸಿಹಿನೀರಿನ ಕೈ ಸೋತ ವರ್ಷ ಉಪ್ಪು ಇನ್ನಷ್ಟು ಮೇಲೆ ಏರುತ್ತದೆ, ದಡದ ಬಾವಿಗಳು ಸವುಳಾಗುತ್ತವೆ.

ಬಳಚು, ಕಲ್ಗ ಮುಂತಾದ ಚಿಪ್ಪಿನ ಜೀವಿಗಳು ಏಡಿಯಂತೆ ನಡೆದು ಹೋಗಲಾರವು. ಅವುಗಳಲ್ಲಿ ಒಂದೊಂದಕ್ಕೂ ತನ್ನದೇ ಉಪ್ಪಿನ ಹದವಿದೆ. ಕಪ್ಪು ಚಿಪ್ಪಿನ ಒಂದು ಬಗೆ ಉಪ್ಪು ಕಡಿಮೆಯಿರುವ ಮೇಲಿನ ಭಾಗದಲ್ಲಿ ಬಾಳುತ್ತದೆ. ಇನ್ನು ಕೆಲವು ಸಮುದ್ರದ ಬಾಯಿಗೆ ಹತ್ತಿರದ ಮರಳನ್ನೇ ಬಯಸುತ್ತವೆ. ಉಪ್ಪಿನ ಗಡಿ ಮೇಲಕ್ಕೆ ಸರಿದು ಅಲ್ಲೇ ತಿಂಗಳುಗಟ್ಟಲೆ ನಿಂತರೆ ಕಪ್ಪು ಚಿಪ್ಪಿನದಕ್ಕೆ ಸರಿಯಲು ಜಾಗ ಸಾಲದು. ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ಶರಾವತಿಯ ಅಳಿವೆಗೆ ವಿದ್ಯುದಾಗಾರದ ಸಿಹಿನೀರು ಬೇಸಿಗೆಯಲ್ಲೂ ಬರುತ್ತಲೇ ಇರುವುದರಿಂದ ಉಪ್ಪಿನ ಹದ ತಪ್ಪಿ, ತಿನ್ನುವ ಚಿಪ್ಪಿನ ಜೀವಿಗಳು ಅಲ್ಲಿ ಬಹಳ ಕುಗ್ಗಿದವು. ಪಕ್ಕದ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿಯುವ ಹೆಂಗಸರಿಗೆ ಇಂದಿಗೂ ಬಳಚು ಸಿಗುತ್ತದೆ. 2024ರ ಜನವರಿಯಲ್ಲಿ ಆ ಅಳಿವೆಯ 4,801 ಹೆಕ್ಟೇರ್, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹದ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಸಿಹಿನೀರು ಬೇಕಾದ ಕಾಲಕ್ಕೆ ಬೇಕಾದಷ್ಟು ಬರಬೇಕು, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಹೊಳೆಯ ದೊಡ್ಡ ಸೀಗಡಿಗೆ ಎರಡೂ ಬೇಕು. ಬೆಳೆಯುವುದು ಸಿಹಿನೀರಿನಲ್ಲಿ, ಮರಿಗಳು ಬದುಕುವುದು ಸವುಳು ನೀರಿನಲ್ಲಿ. ತಾಯಿ ಮೊಟ್ಟೆ ಹೊತ್ತು ಅಳಿವೆಯತ್ತ ಇಳಿಯುತ್ತದೆ, ಮರಿಗಳು ಕೆಲವು ವಾರಗಳ ನಂತರ ಹೊಳೆ ಹತ್ತುತ್ತವೆ. ಹೊಳೆ ತುಂಡಾದರೆ ಈ ದಾರಿ ಕಡಿದುಹೋಗುತ್ತದೆ. ಉಪ್ಪುನೀರನ್ನು ತಡೆಯಲೆಂದು ಕಟ್ಟಿದ ಕಿಂಡಿ ಅಣೆಕಟ್ಟುಗಳು ಬಾವಿಗಳನ್ನೂ ತೋಟಗಳನ್ನೂ ಉಳಿಸುತ್ತವೆ, ಅವು ಬೇಕು. ಹಲಗೆ ಹಾಕುವ, ತೆಗೆಯುವ ದಿನವನ್ನು ನಿರ್ಧರಿಸುವವರು ಈ ಪಯಣಿಗರನ್ನೂ ಒಮ್ಮೆ ನೆನೆದರೆ ಸಾಕು.

ಮೊದಲ ಮಳೆಯ ನಂತರ

ಬರ ಮುಗಿಸುವ ಮೊದಲ ಮಳೆ ಹೊಳೆಗೆ ಒಂದು ಪೆಟ್ಟು ಕೊಟ್ಟೇ ಶುರುವಾಗುತ್ತದೆ. ತಿಂಗಳುಗಟ್ಟಲೆ ಒಣ ಪಾತ್ರದಲ್ಲಿ ಬಿದ್ದ ಎಲೆ, ಬೂದಿ, ಸಗಣಿ, ರಸ್ತೆಯ ಎಣ್ಣೆ, ಎಸೆದ ಕಸ ಎಲ್ಲವೂ ಒಂದೇ ನೀರಿನಲ್ಲಿ ಕಲಸಿ ಗುಂಡಿಗಳಿಗೆ ನುಗ್ಗುತ್ತವೆ. ಕೊಳೆಯುವ ವಸ್ತು ಆಮ್ಲಜನಕವನ್ನು ಹೀರುವುದರಿಂದ, ಬೇಸಿಗೆಯಿಡೀ ಜೀವ ಹಿಡಿದುಕೊಂಡಿದ್ದವರು ಮಳೆ ಬಂದ ಮರುದಿನವೇ ಸಾಯುವುದುಂಟು. ಒಣಗಿದ ಹಳ್ಳದ ಪಾತ್ರವನ್ನು ಕಸದ ಗುಂಡಿ ಮಾಡಿಕೊಂಡ ಊರಿನಲ್ಲಿ ಈ ಪೆಟ್ಟು ಹೆಚ್ಚು. ಆಮೇಲೆ ನೀರು ತಿಳಿಯಾಗುತ್ತ, ಮೇಲಿನ ತೊರೆಗಳಿಂದ ಮರಿಗಳು ತೇಲಿಬರುತ್ತವೆ, ಜಲ್ಲಿಯಡಿಯಿಂದ ಮೇಲೇಳುತ್ತವೆ, ರೆಕ್ಕೆಯ ತಾಯಂದಿರು ನೀರಿಗೆ ಹೊಟ್ಟೆ ತಾಗಿಸಿ ಮೊಟ್ಟೆ ಇಡುತ್ತಾರೆ.

ಇದನ್ನೆಲ್ಲ ನೋಡಲು ಪ್ರಯೋಗಾಲಯ ಬೇಕಿಲ್ಲ. ಒಂದು ಬಿಳಿ ತಟ್ಟೆ, ಮೆತ್ತನೆಯ ಕುಂಚ, ಹತ್ತು ರೂಪಾಯಿಯ ನಾಣ್ಯದಷ್ಟು ಅಗಲದ ಭೂತಗನ್ನಡಿ ಸಾಕು. ಡಿಸೆಂಬರಿನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ, ಅದೇ ಹಳ್ಳದ ಅದೇ ತಿರುವಿಗೆ ಹೋಗಿ. ಕಲ್ಲುಹರಿವಿನಿಂದ ಒಂದು ಕಲ್ಲನ್ನು ನಿಧಾನಕ್ಕೆ ಎತ್ತಿ ಕೆಳಮೈ ನೋಡಿ. ಎಳೆಬಾಲದವರು ಎಷ್ಟು, ಮರಳುಕೊಳವೆಯವರು ಎಷ್ಟು, ಕೆಂಪು ದಾರದವರು ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಮೈ ಒಣಗುವ ಮುನ್ನ ಕಲ್ಲನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಮಗ್ಗುಲಿಗೇ ಇಟ್ಟುಬಿಡಿ. ಮಗುಚಿ ಇಟ್ಟರೆ ನೆರಳಿನವರು ಬಿಸಿಲಿಗೆ ಬರುತ್ತಾರೆ.